ನಮ್ಮ ದೋಣಿ ಸಂಘದ ತರಬೇತುದಾರ

ಅಕ್ಷರ ದುಂಡಗಿರುವ ಮನುಷ್ಯನಿಗೆ ಈ ಲೋಕದಲ್ಲಿ ನೆಮ್ಮದಿ ಇಲ್ಲ ಅನ್ನುವುದು ನನ್ನ ಸ್ವಂತ ಅನುಭವ. ಲಗ್ನಪತ್ರಿಕೆಗಳ ಮೇಲೆ ಹೆಸರು ಬರೆಯಲು ಮೊದಲು ಕರೆಯುವುದು ನನ್ನನ್ನು, ಊಟಕ್ಕೆ ಮಾತ್ರ ಕೊನೆಯ ಪಂಕ್ತಿ. ಕಾರ್ಖಾನೆಯಲ್ಲಿ ರಜಾ ಚೀಟಿ ಬೇಕಾದವರೆಲ್ಲ ನನ್ನ ಮೇಜಿಗೇ ಬರುತ್ತಾರೆ. ಗಡಿಯಾಚೆ ತಮಿಳು ಸೀಮೆಗೆ ಸೇರಿದ ಮತ್ತಿಗಿರಿಯ ನಮ್ಮ ಹವ್ಯಾಸಿ ದೋಣಿ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದೂ ಹೀಗೆಯೇ. ಈಜು ಬಾರದು, ನೀರು ಕಂಡರೆ ಎದೆ ಡವಗುಟ್ಟುತ್ತದೆ. ಆದರೆ ಕನ್ನಡ, ತಮಿಳು ಎರಡನ್ನೂ ಅಂದವಾಗಿ ಬರೆಯುತ್ತೇನಲ್ಲ, ಅಷ್ಟು ಸಾಕಾಯಿತು.

ಮೊನ್ನೆ ಪಂಚಾಯಿತಿಯಿಂದ ಕಾಗದ ಬಂತು. ಡೆಂಕಣಿಕೋಟೆ ರಸ್ತೆಯ ಕೆರೆಯಲ್ಲಿ ದೋಣಿ ಇಡುವ ಅನುಮತಿ ಮುಗಿಯುತ್ತಿದೆ, ಸಂಘದ ಚರಿತ್ರೆ ಮತ್ತು ಸಾಧನೆಗಳನ್ನು ಜೊತೆಗಿರುವ ನಮೂನೆಯಲ್ಲಿ ಬರೆದುಕೊಡಿ, ಅಧಿಕಾರಿಗಳು ಖುದ್ದಾಗಿ ಬಂದು ನಿಮ್ಮ ಅಭ್ಯಾಸ ನೋಡುತ್ತಾರೆ, ತೃಪ್ತಿಯಾಗದಿದ್ದರೆ ದೋಣಿ ಎತ್ತಿಕೊಂಡು ಹೋಗಿ. ನಮಗೆ ಬೇರೆ ಕೆರೆ ಇಲ್ಲ. ಬೆಳಿಗ್ಗೆ ದೋಣಿಯಲ್ಲಿ ಕಳೆಯುವ ಆ ಒಂದು ಗಂಟೆ ಹೋದರೆ ನಮ್ಮ ಐವರಿಗೆ ಉಳಿಯುವುದು ಕಾರ್ಖಾನೆಯ ಸೈರನ್ನು, ರಾಗಿ ಹೊಲ, ಅವರವರ ಮನೆಯ ಬೈಗುಳ.

ಚರಿತ್ರೆ ಬರೆಯುವುದು ಕಷ್ಟವಾಗಲಿಲ್ಲ. ಮುಚ್ಚಿಹೋದ ರೆಸಾರ್ಟೊಂದರ ಹಳೆಯ ದೋಣಿಯನ್ನು ತಂದೆವು. ಆಯುಧಪೂಜೆಯ ದಿನವೇ ನೀರಿಗಿಳಿಸಬೇಕೆಂದು ಲೇತ್ ಆಪರೇಟರ್ ಮುನಿರಾಜು ಹಟ ಹಿಡಿದ. ನಮ್ಮಲ್ಲಿ ತೋಳಿನ ಬಲವೆಲ್ಲ ಅವನದೇ. ಲಾರಿಗೆ ಮಾಡುವಂತೆ ಕುಂಕುಮ ಬಳಿದು, ಬಾಳೆಕಂದು ಕಟ್ಟಿದ. ನಿಂಬೆಹಣ್ಣು ಇಡಲು ಚಕ್ರವಿಲ್ಲವಲ್ಲ ಎಂದು ಪೇಚಾಡಿ, ಆ ಲೋಪವನ್ನೂ ಸೇರಿಸಿ ತುಂಬಲೆಂದು ತೆಂಗಿನಕಾಯಿಯನ್ನು ದೋಣಿಯ ಮೂತಿಗೇ ಕುಟ್ಟಿದ. ಕಾಯಿ ಒಡೆಯಿತು. ದೋಣಿಯೂ ಒಡೆಯಿತು. "ಕಾಯಿ ಸರಿಯಾಗಿ ಎಲ್ಡು ಹೋಳಾಯ್ತಲ್ಲ, ಒಳ್ಳೇ ಸಕುನ ಬುಡಣ್ಣ" ಎಂದ. ಕಾರ್ಖಾನೆಯ ಅಂಟು ಮೆತ್ತಿದೆವು. ಅಂದಿನಿಂದ ನಾನು ದೋಣಿಯ ಹಿಂತುದಿಯಲ್ಲಿ ಕೂತು ಒಂದು ಕೈಯಲ್ಲಿ ಚೊಂಬಿನಿಂದ ನೀರು ಹೊರಹಾಕುತ್ತಾ, "ಒಂದು, ಎರಡು" ಎಂದು ಲೆಕ್ಕ ಕೂಗುತ್ತೇನೆ.

ಆದರೆ ಸಾಧನೆ? ಮೂರು ಪಂದ್ಯಗಳಿಗೆ ಹೋಗಿದ್ದೆವು. ಮೂರರಲ್ಲೂ ಕೊನೆ. ಒಂದರಲ್ಲಂತೂ ನಾವು ಗುರಿ ಮುಟ್ಟುವ ಹೊತ್ತಿಗೆ ಶಾಮಿಯಾನ ಬಿಚ್ಚುತ್ತಿದ್ದರು. ಹುಟ್ಟು ಹಾಕುವ ನಾಲ್ವರಿಗೂ ಶಿಫ್ಟು ಒಂದೇ ಆಗುವುದು ಅಪರೂಪ, ಆದ ದಿನ ನಾಲ್ಕು ಹುಟ್ಟುಗಳೂ ನಾಲ್ಕು ದಿಕ್ಕಿಗೆ. ಹೆಂಡತಿ ಸುಶೀಲ ಇಣುಕಿ ನೋಡಿ, "ಇನ್ನೂ ಮುಳುಗಿಲ್ಲ ಅಂತ ಬರ್ಕೊಳಿ. ನಿಮ್ಮುನ್ನ ನೋಡಿದ್ರೆ ಅದೇ ದೊಡ್ದು" ಎಂದಳು. ಸಿಟ್ಟು ಬಂತು. ಸಾಧನೆಯ ಜಾಗ ಖಾಲಿ ಬಿಟ್ಟು, ಕೆಳಗೆ 'ತರಬೇತುದಾರರು' ಎಂಬಲ್ಲಿ ನನ್ನ ಹೆಸರನ್ನೇ ತಮಿಳಿನಲ್ಲಿ ಬಹಳ ದುಂಡಗೆ ಬರೆದೆ.

ಅಧಿಕಾರಿ ಬಂದ ಬೆಳಿಗ್ಗೆ ಅವರನ್ನು ಎದುರು ದಡದಲ್ಲಿ ನಿಲ್ಲಿಸಿ ಹೊರಟೆವು. ಗೊತ್ತಿಲ್ಲದವರಿಗೆ ಹೇಳಬೇಕು: ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಮುಂದೆ ನೋಡುವವನು ನಾನೊಬ್ಬನೇ. ಅವರಿಗೆ ಕಾಣುವುದು ನಾನು ಮತ್ತು ನನ್ನ ಹಿಂದಿರುವುದು.

ಎಂದಿನಂತೆ ಕುಂಟುತ್ತಾ ನಡುಕೆರೆಗೆ ಬಂದೆವು. ಆಗ ಆಯಿತು ನೋಡಿ! ನಾಲ್ಕು ಹುಟ್ಟುಗಳೂ ಒಟ್ಟಿಗೆ ಎದ್ದವು, ಒಟ್ಟಿಗೆ ಬಿದ್ದವು. ದೋಣಿ ಬಾಣ ಬಿಟ್ಟ ಹಾಗೆ ಚಿಮ್ಮಿತು. ನಾಲ್ವರೂ ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು ಸಾರ್ಥಕವಾಯಿತೆಂದು ನನಗೆ ಕಣ್ಣಲ್ಲಿ ನೀರೇ ಬಂತು. "ಹಂಗೇ! ಹಂಗೇ ಕಣ್ರಲಾ!" ಎಂದು ಕೂಗಿದೆ. ದಡದಲ್ಲಿದ್ದ ಜನ ಟವೆಲ್ ಬೀಸುತ್ತಾ ಕಿರುಚಿದರು. ನಾನೂ ಚೊಂಬು ಬೀಸಿದೆ.

ದೋಣಿ ಕೆಸರಿಗೆ ನುಗ್ಗಿತು. ಮೂವರು ಹಾರಿ ಓಡಿದರು. ಮುನಿರಾಜು ಮಾತ್ರ ನನ್ನ ಕಾಲರ್ ಹಿಡಿದು ದಡಕ್ಕೆಳೆದ. "ಈಗ ತಿರುಗಿ ನೋಡಣ್ಣೋ!"

ನಾವು ಹೊರಟ ದಡದಿಂದ ಮೂರು ಕಾಡಾನೆಗಳು ನೀರಿಗಿಳಿದು, ಸೊಂಡಿಲು ಮೇಲೆತ್ತಿ ಈಜುತ್ತಾ ಅರ್ಧ ಕೆರೆ ದಾಟಿದ್ದವು. ಜನರ ಗಲಾಟೆಗೆ ಬೇಸರಪಟ್ಟು ನಿಧಾನವಾಗಿ ಹಿಂದಿರುಗಿದವು.

"ಮೊದ್ಲೇ ಯಾಕ್ಲಾ ಹೇಳ್ಲಿಲ್ಲ?" ಎಂದೆ.

"ಹೇಳಿದ್ರೆ ನೀನು ಎದ್ದು ನಿಂತ್ಬುಡ್ತಿದ್ದೆ. ದೋಣಿ ಮಗುಚ್ಕಂಡ್ರೆ ಈಜೂ ಬರಾಕಿಲ್ವಲ್ಲಣ್ಣ ನಿಂಗೆ" ಎಂದ ಮುನಿರಾಜು. ಅಪ್ಪಿಕೊಳ್ಳಬೇಕೆನಿಸಿತು. ಹಾಗೆಯೇ ಒಂದು ಬಾರಿಸಬೇಕೆಂದೂ ಅನಿಸಿತು.

ಜೀಪಿನ ಹಿಂದಿನಿಂದ ಅಧಿಕಾರಿ ಹೊರಬಂದರು. "ಅಡೇಯಪ್ಪಾ! ಎನ್ನ ಸ್ಪೀಡ್ ಸಾರ್! ಯಾರ್ ಕೋಚ್?" ನಾನು ಬಾಯಿ ತೆರೆಯುವ ಮೊದಲೇ, ಓಡಿ ಹೋಗಿ ಹಿಂದಿರುಗಿದ್ದ ಮೂವರೂ ಸೇರಿ ನಾಲ್ವರೂ ಕೆರೆಯ ಆಚೆಗೆ ಬೆರಳು ತೋರಿಸಿದರು. ಆತ ನಕ್ಕು ನಕ್ಕು, ಸಾಧನೆಯ ಜಾಗದಲ್ಲಿ 'ಕಣ್ಣಾರೆ ಕಂಡಿದ್ದೇನೆ' ಎಂದು ತಮಿಳಿನಲ್ಲಿ ಬರೆದರು. ಕೆಳಗೆ ನನ್ನ ಹೆಸರು ಹೊಡೆದುಹಾಕಿ 'ಯಾನೈ', ಅಂದರೆ ಆನೆ, ಎಂದು ತಿದ್ದಿ, ಜೀಪಿನ ಬಾನೆಟ್ಟಿನ ಮೇಲೇ ಸಹಿ ಹಾಕಿ ನನ್ನ ಕೈಗೆ ಕೊಟ್ಟರು. ಕೆರೆ ನಮಗೇ ಉಳಿಯಿತು.

ಆ ಕಾಗದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ. ಕೋಲಾರದ ಕಡೆಯಿಂದ ಬರುವ ಸುಶೀಲಳ ತವರಿನವರಿಗೆ ತಮಿಳು ಓದಲು ಬರುವುದಿಲ್ಲ. ಕೆಳಗೆ ತಿದ್ದಿ ಬರೆದದ್ದು ಏನೆಂದು ಕೇಳಿದರೆ, ತರಬೇತುದಾರರ ಹೆಸರು, ನನ್ನದೇ ಎನ್ನುತ್ತೇನೆ. ಸುಶೀಲ ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಹೌದೌದು ಎಂದು ತಲೆಯಾಡಿಸುತ್ತಾಳೆ.