ಹೆಂಡತಿಯ ಸಂದರ್ಶನಕ್ಕೆ ನಾನು ರೋಗಿಯಾದದ್ದು

ನನ್ನ ಹೆಂಡತಿ ಸುಧಾ ಐಸಿಯುನಲ್ಲಿ ಸ್ಟಾಫ್ ನರ್ಸ್. ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಅಡ್ವಾನ್ಸ್‌ಡ್ ಪ್ರಾಕ್ಟೀಸ್ ನರ್ಸ್ ಆಗುವ ಕೋರ್ಸಿಗೆ ಸೇರುತ್ತೇನೆಂದು ಅವಳು ಹೇಳಿದಾಗ, "ಹಾಗಂದ್ರೆ ಏನೇ?" ಎಂದು ಕೇಳಿದೆ.

"ಡಾಕ್ಟರ ಜೊತೆ ಸೇರ್ಕೊಂಡೇ, ರೋಗಿನ ನಾನೇ ಪರೀಕ್ಷೆ ಮಾಡಿ, ಏನಾಗಿದೆ ಅಂತ ಪತ್ತೆ ಹಚ್ಚಿ, ಚಿಕಿತ್ಸೆ ಶುರು ಮಾಡೋಷ್ಟು ಕಲಿಯೋದು ಕಣ್ರೀ."

ಪಾಳಿ ಮುಗಿಸಿ ಬಂದು, ಸಾರಿಗೆ ಒಗ್ಗರಣೆ ಹಾಕಿ, ಮತ್ತೆ ಓದಲು ಕೂರುವ ಅವಳನ್ನು ಕಂಡು ನನಗೆ ಹೆಮ್ಮೆ ಉಕ್ಕುತ್ತಿತ್ತು. ಹೆಮ್ಮೆ ಉಕ್ಕಿದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ.

ಕೋರ್ಸಿನ ಸೀಟಿಗೆ ಸಂದರ್ಶನವಿತ್ತು; ಅಲ್ಲಿ ರೋಗಿಯನ್ನು ಪರೀಕ್ಷಿಸಿ ತೋರಿಸಬೇಕಿತ್ತು. ಆ ದಿನ ಬೆಳಿಗ್ಗೆ, "ನಿನ್ನ ಅಭ್ಯಾಸಕ್ಕೆ ರೋಗಿಯಾಗುವ ಮಹತ್ತರ ಹೊಣೆಯನ್ನು ನಾನು ವಹಿಸಿಕೊಂಡಿದ್ದೇನೆ" ಎಂದು ಘೋಷಿಸಿ ದಿವಾನದ ಮೇಲೆ ಮಲಗಿದೆ. ಶಾಲೆಯ ನಾಟಕಗಳಲ್ಲಿ ಸತ್ತು ಬಿದ್ದು ಚಪ್ಪಾಳೆ ಗಿಟ್ಟಿಸಿದವನು ನಾನು!

"ಹೊಟ್ಟೆನೋವು ಅನ್ನಿ ಸಾಕು" ಎಂದಳು ಸುಧಾ.

ಹೊಟ್ಟೆನೋವೇ? ನನ್ನ ಪ್ರತಿಭೆಗೆ ಅದು ತೀರಾ ಸಣ್ಣ ಪಾತ್ರ. ಎದೆ ಹಿಡಿದುಕೊಂಡು, "ಅಯ್ಯೋ, ಹೋದೆ!" ಎಂದು ಕಿರುಚಿದೆ.

ಕಿಟಕಿ ತೆರೆದಿತ್ತು.

ಪಕ್ಕದ ಮನೆಯ ಅಜ್ಜಿ ಪುಟ್ಟಮ್ಮನವರು ಏದುಸಿರು ಬಿಡುತ್ತಾ ಓಡಿ ಬಂದರು. "ಬನ್ರಪ್ಪೋ! ಮೇಷ್ಟ್ರಿಗೆ ಏನೋ ಆಗ್ಬುಡ್ತು!" ಎಂಬ ಅವರ ಕೂಗಿಗೆ ನಜರ್‌ಬಾದಿನ ನಮ್ಮ ಬೀದಿಯೇ ಒಳಗೆ ನುಗ್ಗಿತು.

"ಏನೂ ಆಗಿಲ್ಲ, ನಾಟಕ ಆಡ್ತಿದಾರೆ" ಎಂದಳು ಸುಧಾ.

"ಪಾಪ, ಗಾಬ್ರಿಲಿ ಏನೇನೋ ಮಾತಾಡ್ತಾವಳೆ" ಎಂದರು ಪುಟ್ಟಮ್ಮ.

ನಾನು ಏಳಲು ಹೋದೆ. ಎದುರು ಮನೆಯ ಶಿವಣ್ಣ, "ಅಲ್ಲಾಡ್ಬೇಡಿ ಸಾರ್!" ಎಂದು ನನ್ನನ್ನು ಅದುಮಿ ಹಿಡಿದು, ಎರಡೂ ಕೈಗಳಿಂದ ಎದೆ ಒತ್ತತೊಡಗಿದ. ಆಗ ಶುರುವಾಯಿತು ನಿಜವಾದ ಎದೆನೋವು! ನಾನು ಕೂಗಿದಷ್ಟೂ ಅವನು ಜೋರಾಗಿ ಒತ್ತಿದ. ಇನ್ಯಾರೋ ಆಂಬ್ಯುಲೆನ್ಸಿಗೆ ಫೋನ್ ಮಾಡಿಯೂಬಿಟ್ಟರು.

ಸುಧಾ ಶಿವಣ್ಣನ ಕೈ ಹಿಡಿದೆಳೆದವಳು ತಟ್ಟನೆ ನಿಂತಳು. ಅವಳ ಕಣ್ಣು ನನ್ನ ಮೇಲಿರಲಿಲ್ಲ. ಪುಟ್ಟಮ್ಮನವರ ಮುಖ ಬೆವೆತಿತ್ತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು.

"ಅಜ್ಜಿ, ಕೂತ್ಕೊಳಿ. ಬೆಳಿಗ್ಗೆ ಇನ್ಸುಲಿನ್ ತಗೊಂಡ್ರಾ? ತಿಂಡಿ?"

"ನೆನ್ನೆ ಒಪ್ಪತ್ತು, ರಾತ್ರಿನೂ ಉಂಡಿಲ್ಲ ಕಣಮ್ಮ... ಸೂಜಿ ಚುಚ್ಕೊಂಡು ತಿನ್ನಕ್ ಕೂತಿದ್ದೆ... ಇವರ ಕೂಗು ಕೇಳಿ ತಟ್ಟೆ ಬುಟ್ಟು ಬಂದ್ಬುಟ್ಟೆ."

ನನ್ನ ಅಭಿನಯ ಅಲ್ಲಿಗೆ ಮುಗಿಯಿತು. ನನಗೆ ನಿಜಕ್ಕೂ ಬೆವರು ಬಂತು.

ಸುಧಾ ತನ್ನ ಗ್ಲುಕೋಮೀಟರ್ ತಂದು, ಅವರ ಬೆರಳು ಚುಚ್ಚಿ ರಕ್ತದ ಸಕ್ಕರೆ ಪರೀಕ್ಷಿಸಿದಳು. ತುಂಬಾ ಇಳಿದಿತ್ತು. ಸಕ್ಕರೆ ನೀರು ತರಿಸಿ, ಗುಟುಕು ಗುಟುಕಾಗಿ ಕುಡಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪರೀಕ್ಷಿಸಿದಾಗ ಸಕ್ಕರೆ ಏರಿತ್ತು. ಅಷ್ಟು ಗದ್ದಲದಲ್ಲೂ ಅವಳ ದನಿ ಏರಲಿಲ್ಲ. ಇಷ್ಟು ವರ್ಷ ಜೊತೆಗಿದ್ದೂ ಅವಳು ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಕೈ ಮುಗಿಯಬೇಕೆನಿಸಿತು. ಮುಗಿಯಲು ಶಿವಣ್ಣ ಬಿಡಲಿಲ್ಲ, ಇನ್ನೂ ನನ್ನ ತೋಳು ಹಿಡಿದೇ ನಿಂತಿದ್ದ.

ಆಂಬ್ಯುಲೆನ್ಸಿನವರು ಸ್ಟ್ರೆಚರ್ ಹೊತ್ತು ಬಂದರು. "ಪೇಷೆಂಟ್ ಯಾರು?"

ಇಡೀ ಬೀದಿ ನನ್ನತ್ತ ಬೆರಳು ತೋರಿಸಿತು.

"ಅವರನ್ನ ಬಿಡಿ. ಅಜ್ಜಿನ ಕರ್ಕೊಂಡೋಗಿ, ಡಾಕ್ಟರ್ ಒಂದ್ಸಲ ನೋಡ್ಲಿ" ಎಂದು ಸುಧಾ ಸಕ್ಕರೆಯ ವಿವರ ಬರೆದುಕೊಟ್ಟಳು. ಆಮೇಲೆ ತಲೆ ಬಾಚಿಕೊಂಡು ಸಂದರ್ಶನಕ್ಕೆ ಆಟೋ ಹತ್ತಿದಳು.

ಪುಟ್ಟಮ್ಮ ಮಧ್ಯಾಹ್ನವೇ ಮನೆಗೆ ಬಂದರು. ಸುಧಾಳಿಗೆ ಸೀಟೂ ಸಿಕ್ಕಿತು.

ಈಗಲೂ ಅವಳು ಮನೆಯಲ್ಲಿ ಅಭ್ಯಾಸ ಮಾಡುತ್ತಾಳೆ. ದಿವಾನದ ಮೇಲೆ ರೋಗಿಯಾಗಿ ತಲೆದಿಂಬನ್ನು ಮಲಗಿಸಿಕೊಳ್ಳುತ್ತಾಳೆ. ನನಗಿಂತ ಅದು ಒಳ್ಳೆಯ ನಟನಂತೆ!