ಮೂರನೇ ಕುರ್ಚಿಯವನ ಬಾಯಿ

ಬೇಡ ಬೇಡವೆಂದರೂ ಇಂಥವು ನನ್ನ ಪಾಲಿಗೇ ಬಂದು ಬೀಳುತ್ತವೆ. ಸುಮ್ಮನಿದ್ದರೆ ಸಾಕಾಗುವ ಜಾಗದಲ್ಲೆಲ್ಲ ನನಗೆ ಮಾತು ಬರುತ್ತದೆ. ಜರ್ಮನಿಯ ಆಖೆನ್‌ನ ಒಂದು ಪ್ರಯೋಗಾಲಯದಲ್ಲಿ ಯಂತ್ರದ ಬಿಡಿಭಾಗಗಳನ್ನು ಅಳೆಯುವುದು ನನ್ನ ಕೆಲಸ. ಕೂದಲೆಳೆ ವ್ಯತ್ಯಾಸವಾದರೂ ಹಿಡಿಯುತ್ತೇನೆ. ಬಾಯಿಗೆ ಮಾತ್ರ ಅಳತೆಯಿಲ್ಲ ಎಂದು ಹೆಂಡತಿ ಮದುವೆಯಾದ ವಾರದಲ್ಲೇ ಹೇಳಿದ್ದಳು. ಇಪ್ಪತ್ತು ವರ್ಷ ನಾನದನ್ನು ತಮಾಷೆ ಎಂದುಕೊಂಡಿದ್ದೆ.

ನಮ್ಮ ಮನೆಯ ಅಟ್ಟದ ಕೋಣೆಯಲ್ಲಿ ಮಾಲ್ಡೀವ್ಸ್‌ನ ಹುಡುಗನೊಬ್ಬ ಬಾಡಿಗೆಗಿದ್ದ. ಮಣಿಪಾಲದಲ್ಲಿ ನಾಲ್ಕು ವರ್ಷ ಓದಿ, ಅಲ್ಲಿಯ ಕ್ಯಾಂಟೀನುಗಳಲ್ಲಿ ಕನ್ನಡ ಕಲಿತು, ಎಂಎಸ್ ಮಾಡಲು ಇಲ್ಲಿಗೆ ಬಂದವನು. ಕುಂದಾಪುರದವರಾದ ನಮಗೆ ಊರ ಹುಡುಗನೇ ಸಿಕ್ಕಿದಷ್ಟು ಖುಷಿ. ಅವನ ದ್ವೀಪದ ಕಡೆಯವಳೇ ಆದ ಹುಡುಗಿಯೊಬ್ಬಳು ಇದೇ ಊರಿನಲ್ಲಿ ಓದುತ್ತಿದ್ದಳು. ಅವರಿಬ್ಬರಿಗೆ ಒಳ್ಳೆಯದಾಗಲಿ ಎಂದೇ ನಾನು ಎಲ್ಲವನ್ನೂ ಮಾಡಿದ್ದು. ಅದೇ ಈಗ ಸಂಕಟ.

ಮೂವರು ಕೂತರೆ ಕಾಫಿ

ಒಂದು ಶನಿವಾರ ಹುಡುಗ ಕೆಳಗೆ ಬಂದು, "ಅಂಕಲ್, ಕಾಫಿಗೆ ಬರ್ತೀರಾ?" ಎಂದು ಕೇಳಿದ. ಜರ್ಮನಿಯಲ್ಲಿ ಹೀಗೆ ಯಾರಾದರೂ ಕರೆಯುವುದೆಂದರೆ ಮೂರು ವಾರ ಮೊದಲೇ ದಿನ ಗೊತ್ತು ಮಾಡಿ ಕರೆಯುವುದು. ಕರೆದ ಗಳಿಗೆಯಲ್ಲೇ ಜಾಕೆಟ್ ಹಾಕಿ ಹೊರಟೆ.

ಕಾಫಿ ಅಂಗಡಿಯಲ್ಲಿ ಹುಡುಗಿ ಮೊದಲೇ ಬಂದು ಕೂತಿದ್ದಳು. ತಲೆಗೆ ಹಸಿರು ವಸ್ತ್ರ, ಮುಂದೆ ಪುಸ್ತಕ. ನಾನು ಕೈ ಚಾಚಿದೆ. ಅವಳು ತನ್ನ ಕೈಯನ್ನು ಎದೆಯ ಮೇಲಿಟ್ಟು ನಕ್ಕಳು. ನಾನೂ ಚಾಚಿದ ಕೈಯನ್ನು ಹಾಗೇ ತಿರುಗಿಸಿ ಎದೆಗೆ ತಂದುಕೊಂಡು ಇಬ್ಬರ ನಡುವಿನ ಕುರ್ಚಿಯಲ್ಲಿ ಕೂತೆ. ಕೂತಮೇಲೆ ಮಾತಾಡಬೇಕಲ್ಲ. ಮನೆ ವಿಳಾಸ ನೋಂದಾಯಿಸುವ ಅನ್‌ಮೆಲ್ಡುಂಗ್‌ನಿಂದ ಶುರು ಮಾಡಿ, ವಿಮೆ, ಕಸದ ನಾಲ್ಕು ಬಣ್ಣದ ಡಬ್ಬಿಗಳು, ಯಾವ ಡಬ್ಬಿಗೆ ಯಾವ ಕಸ ಎಂಬಲ್ಲಿಗೆ ಬರುವಾಗ ಎರಡು ಗಂಟೆ ಕಳೆದಿತ್ತು. ಹುಡುಗ ಮೇಜು ನೋಡುತ್ತಿದ್ದ. ಹುಡುಗಿ ಮಾತ್ರ ಕೊನೆಯವರೆಗೂ ತಲೆಯಾಡಿಸಿದಳು.

ಮನೆಗೆ ಬರುವ ದಾರಿಯಲ್ಲಿ ಹುಡುಗ ಬಿಡಿಸಿ ಹೇಳಿದ. ಅವರ ಕಡೆ ಕಾಫಿ ಎಂದರೆ ಬರೀ ಕಾಫಿಯಲ್ಲ. ಹುಡುಗ ಹುಡುಗಿ ಮರ್ಯಾದೆಯಿಂದ ಮಾತಾಡಲು ಇರುವ ದಾರಿಯೇ ಅದು. "ಇಬ್ಬರೇ ಕೂತರೆ ಸುದ್ದಿ, ಮೂವರು ಕೂತರೆ ಕಾಫಿ ಅಂಕಲ್" ಎಂದ. ಮೂರನೆಯವನ ಕೆಲಸ ಏನೆಂದು ಕೇಳಿದೆ. ಒಂದು ಕುರ್ಚಿಯಲ್ಲಿ ಕೂತು ತನ್ನ ಫೋನ್ ನೋಡಿಕೊಂಡಿರುವುದಂತೆ.

ಅವಳು ಏನಾದರೂ ಹೇಳಿದಳೇ ಎಂದು ಕೇಳಿದ್ದಕ್ಕೆ, "ಹಳದಿ ಡಬ್ಬಿ ವಿಷಯ ಕ್ಲಿಯರ್ ಆಯ್ತಂತೆ" ಎಂದ.

ಮೂರನೇ ಸುತ್ತು

ಅವರ ರಾಜಧಾನಿ ಮಾಲೆ ತೀರ ಸಣ್ಣ ದ್ವೀಪ. ಸಂಜೆಯಾದರೆ ಜೋಡಿಗಳು ಸ್ಕೂಟರ್ ಹತ್ತಿ ದ್ವೀಪಕ್ಕೆ ಸುತ್ತು ಬರುತ್ತವಂತೆ. ಹೋಗುವುದಕ್ಕೆ ಬೇರೆ ಊರಿಲ್ಲ. ಹಾಗಾಗಿ ಸುತ್ತಿದ್ದೇ ಸುತ್ತುವುದು. ಎಲ್ಲಿ ಹೋಗಿದ್ದೆ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದಲ್ಲ.

ಇಲ್ಲಿ ಸ್ಕೂಟರ್ ಎಲ್ಲಿಂದ ಬರಬೇಕು. ಆದರೆ ಆಖೆನ್‌ನಲ್ಲಿ ಊರನ್ನು ಬಳಸಿ ಹೊರಟಲ್ಲಿಗೇ ಬರುವ ಬಸ್ಸೊಂದಿದೆ. ಹುಡುಗಿ ಕಿಟಕಿ ಪಕ್ಕ ಕೂರುವಳು, ಹುಡುಗ ಅವಳ ಹಿಂದಿನ ಸೀಟಿನಲ್ಲಿ. ಇಬ್ಬರೂ ಮುಖ ನೇರ ಇಟ್ಟುಕೊಂಡು ಮಾತಾಡುವರು. ನೋಡಿದವರಿಗೆ ಒಬ್ಬೊಬ್ಬರೂ ಫೋನಿನಲ್ಲಿದ್ದಾರೆ ಎಂದೇ ಕಾಣಬೇಕು.

ಇದು ನನಗೆ ತಿಳಿದದ್ದು ಆಮೇಲೆ. ಒಂದು ಸಂಜೆ ಕೆಲಸ ಮುಗಿಸಿ ಬಸ್ ಹತ್ತಿದರೆ ಹುಡುಗ ಕಂಡ. ನಮ್ಮ ಸ್ಟಾಪ್ ಬಂತು, ಅವನು ಏಳಲಿಲ್ಲ. ಪಾಪ, ಓದಿ ಓದಿ ಮಂಕಾಗಿದೆ ಎಂದುಕೊಂಡು ಭುಜ ಹಿಡಿದು ಅಲುಗಾಡಿಸಿದೆ. ಇಲ್ಲ ಅಂಕಲ್, ಪರವಾಗಿಲ್ಲ ಅಂಕಲ್ ಎನ್ನುತ್ತಿದ್ದ. ಏನು ಪರವಾಗಿಲ್ಲ, ಇದು ಬಿಟ್ಟರೆ ಮತ್ತೆ ಇಡೀ ಊರು ಸುತ್ತಬೇಕಾಗುತ್ತದೆ ಎಂದು ಕನ್ನಡದಲ್ಲಿ ಜೋರಾಗಿ ಹೇಳಿ, ಅವನ ಚೀಲ ನಾನೇ ಹೊತ್ತು ಕೆಳಗಿಳಿಸಿದೆ. ಬಾಗಿಲು ಮುಚ್ಚಿತು. ಮುಂದಿನ ಕಿಟಕಿಯಲ್ಲಿ ಹಸಿರು ವಸ್ತ್ರವೊಂದು ದಾಟಿ ಹೋದದ್ದು ಆಗ ಕಂಡಿತು.

ಅವನು ಬೈಯಲಿಲ್ಲ, ಚೀಲ ಹೊತ್ತದ್ದಕ್ಕೆ ಥ್ಯಾಂಕ್ಸ್ ಹೇಳಿ ಅಟ್ಟ ಹತ್ತಿದ. ವಿಷಯ ತಿಳಿದು ಬಂದದ್ದು ಹೆಂಡತಿಯ ಮೂಲಕ. "ಇಷ್ಟ ಉಂಟಾ ಅಂತ ಅವ ಕೇಳಿದ್ನಂತೆ. ಮೂರನೇ ಸುತ್ತಿಗೆ ಹೇಳ್ತೇನೆ ಅಂದಿದ್ಲಂತೆ. ನೀವು ಎರಡರಲ್ಲೇ ಇಳಿಸಿದ್ರಲ್ಲ ಮಾರಾಯ್ರೆ" ಎಂದಳು.

ಬಾಗಿಲಿನ ನೋಟೀಸು

ಹೇಗೋ ಇನ್ನೊಂದು ದಿನ, ಇನ್ನೊಂದು ಬಸ್ಸಿನಲ್ಲಿ, ಅವಳು ಹ್ಞೂಂ ಎಂದಳು. ಆಮೇಲೆ ಶನಿವಾರಗಳಂದು ಓದಿನ ನೆಪದಲ್ಲಿ ನಮ್ಮ ಮನೆಗೆ ಬರತೊಡಗಿದಳು. ಅದಕ್ಕೂ ಕ್ರಮವಿತ್ತು. ಅಟ್ಟದ ಕೋಣೆಯ ಬಾಗಿಲು ಪೂರ್ತಿ ತೆರೆದಿರಬೇಕು, ಹೊರಗೆ ಮೆಟ್ಟಿಲ ಮೇಲೆ ನನ್ನ ಹೆಂಡತಿ ಕೂತಿರಬೇಕು. ಅವಳು ಅಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದಳು. ಆ ಚಳಿಗಾಲ ನಾವು ತಿಂದಷ್ಟು ಬೀನ್ಸ್ ಪಲ್ಯವನ್ನು ಮತ್ತೆಂದೂ ತಿಂದಿಲ್ಲ.

ನಾವೆಲ್ಲ ಬಾಡಿಗೆಗಿದ್ದ ಆ ಕಟ್ಟಡದ ಮಾಲೀಕರು ನೆಲಮಹಡಿಯ ಜರ್ಮನ್ ಅಜ್ಜಿ. ಜನವರಿಯಲ್ಲಿ ಬಾಗಿಲು ತೆರೆದಿಟ್ಟರೆ ಹೀಟರಿನ ಬಿಸಿಯೆಲ್ಲ ಮೆಟ್ಟಿಲ ಪಾಲು. ಅಜ್ಜಿ ಏದುಸಿರು ಬಿಡುತ್ತ ಹತ್ತಿ ಬಂದು ಮುಚ್ಚುವರು. ಹುಡುಗ ಸಾರಿ ಎಂದು ತೆರೆಯುವನು. ಇದು ಮೂರು ಶನಿವಾರ ನಡೆಯಿತು. ನಾಲ್ಕನೆಯ ವಾರ ನನಗೆ ತಡೆಯಲಾಗಲಿಲ್ಲ. ಅಜ್ಜಿಯನ್ನು ಕೂರಿಸಿ, ಅವರಿಬ್ಬರ ಮನಸ್ಸು, ಅವರ ಕಡೆಯ ಮರ್ಯಾದೆ, ತೆರೆದ ಬಾಗಿಲಿನ ಮಹತ್ವ ಎಲ್ಲವನ್ನೂ ವಿವರಿಸಿದೆ. ಅಜ್ಜಿಗೆ ಎಷ್ಟು ಇಷ್ಟವಾಯಿತೆಂದರೆ ಕಣ್ಣೊರೆಸಿಕೊಂಡರು. ಇಷ್ಟೇನಾ, ಮೊದಲೇ ಹೇಳಬಾರದಿತ್ತೇ ಎಂದರು.

ಮರುದಿನ ಕೆಳಗಿನ ನೋಟೀಸ್ ಬೋರ್ಡಿನಲ್ಲಿ, ಮೆಟ್ಟಿಲು ಒರೆಸುವ ಸರದಿಯ ಪಕ್ಕದಲ್ಲಿ, ಟೈಪು ಮಾಡಿದ ಹಾಳೆಯೊಂದಿತ್ತು. ಶನಿವಾರ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಮೇಲ್ಮಹಡಿಯ ಯುವಜೋಡಿಯ ಪ್ರೇಮದ ನಿಮಿತ್ತ ಬಾಗಿಲು ತೆರೆದಿರುವುದು, ನಿವಾಸಿಗಳು ಬೆಚ್ಚಗಿನ ಉಡುಪು ಧರಿಸಿ ಸಹಕರಿಸುವುದು ಎಂದಿತ್ತು. ಕೆಳಗೆ ಅಜ್ಜಿಯ ಸಹಿ.

ಯಾರಿಗೂ ಗೊತ್ತಾಗಬಾರದೆಂದು ಬಸ್ಸಿನಲ್ಲಿ ಹಿಂದುಮುಂದಾಗಿ ಕೂತವರು ಅವರು. ಆ ಶನಿವಾರ ಎರಡನೇ ಮಹಡಿಯ ದಂಪತಿ ಸರಿಯಾಗಿ ಮೂರಕ್ಕೆ, ಕೇಕ್ ಹಿಡಿದು, ಉಣ್ಣೆಯ ಟೊಪ್ಪಿ ಹಾಕಿಕೊಂಡು, ನನ್ನ ಹೆಂಡತಿಯ ಪಕ್ಕ ಬಂದು ಕೂತರು.

ಅಡಿಕೆಯ ಡಬ್ಬಿ

ಮುಂದಿನ ಶರತ್ಕಾಲದಲ್ಲಿ ಹುಡುಗಿಯ ತಂದೆ ಮಗಳನ್ನು ನೋಡಲು ಬಂದರು. ಜೊತೆಗೆ ಅವರ ಅಕ್ಕ, ಎಂದರೆ ಹುಡುಗಿಯ ಅತ್ತೆ. ಮಗಳಿಗೆ ಊರಿನ ಹಾಗೆ ಅನ್ನ ಹಾಕುವ ಮನೆಯೊಂದಿದೆ ಎಂದು ಕೇಳಿ ನಮ್ಮಲ್ಲಿಗೆ ಊಟಕ್ಕೆ ಬರಲು ಒಪ್ಪಿದ್ದರು.

ಎರಡು ದಿನ ಮೊದಲೇ ಹೆಂಡತಿ ನನ್ನನ್ನು ಕೂರಿಸಿ ಪಾಠ ಮಾಡಿದಳು. ಹುಡುಗ ಬರೀ ಬಾಡಿಗೆಯವನು. ಅವನ ಓದು ಮುಗಿದು, ಕೆಲಸ ಸಿಕ್ಕಿ, ಅವನ ಮನೆಯ ಹಿರಿಯರು ಹೋಗಿ ಕೇಳುವವರೆಗೆ ತಂದೆಗೆ ಇದು ಗೊತ್ತಿಲ್ಲ. ನನಗೆ ಮೂರು ಮಾತಿಗೆ ಮಾತ್ರ ಪರವಾನಗಿ: ಬನ್ನಿ, ಊಟ ಮಾಡಿ, ಇನ್ನೂ ಸ್ವಲ್ಪ ಹಾಕಿಕೊಳ್ಳಿ.

ಊಟ ಬಹಳ ಚೆನ್ನಾಗಿ ನಡೆಯಿತು. ತೆಂಗಿನತುರಿಗೆ ಒಣಮೀನು, ಈರುಳ್ಳಿ, ಮೆಣಸು ಕಲಸಿದ ನಮ್ಮ ಚಟ್ನಿಯನ್ನು ಅತ್ತೆ ಮೂರು ಸಲ ಹಾಕಿಸಿಕೊಂಡು, ಇದು ನಮ್ಮ ಬೆಳಗಿನ ತಿಂಡಿಯೇ ಅಲ್ಲವೇ ಎಂದರು. ಹುಡುಗ ಮೇಜಿನ ಆ ತುದಿಯಲ್ಲಿದ್ದ. ಅದೇ ಮೊದಲ ಸಲ ನೋಡುವವನ ಹಾಗೆ ಹುಡುಗಿಯನ್ನು, ನೀವು ಯಾವ ಕೋರ್ಸ್ ಎಂದು ಕೇಳಿದ. ಅವಳು ಹೇಳಿದಳು. ಓಹೋ ಎಂದ. ತಂದೆ ಗಂಭೀರವಾಗಿ ತಲೆದೂಗಿದರು. ನಾನು ನಾಲಿಗೆ ಕಚ್ಚಿಕೊಂಡು, ಇನ್ನೂ ಸ್ವಲ್ಪ ಹಾಕಿಕೊಳ್ಳಿ ಎಂದೆ.

ಊಟವಾದಮೇಲೆ ತಂದೆ ಜೇಬಿನಿಂದ ಪುಟ್ಟ ತಗಡಿನ ಡಬ್ಬಿ ತೆಗೆದರು. ಒಳಗೆ ತೆಳ್ಳಗೆ ಕತ್ತರಿಸಿದ ಅಡಿಕೆ, ಲವಂಗ. ನಮಗೆಲ್ಲ ಡಬ್ಬಿ ಚಾಚಿದರು. ಹುಡುಗನ ಹತ್ತಿರ ಮಾತ್ರ ತಾವೇ ಎದ್ದುಹೋಗಿ, ನಾಲ್ಕು ಚೂರು ಆರಿಸಿ, ಅವನ ಅಂಗೈಯಲ್ಲಿಟ್ಟರು.

ನಮ್ಮ ಕಡೆ ಹೆಣ್ಣಿನ ತಂದೆ ಗಂಡಿನ ಕೈಗೆ ವೀಳ್ಯ, ಅಡಿಕೆ ಕೊಟ್ಟರೆ ನಿಶ್ಚಿತಾರ್ಥ ಮುಗಿದ ಹಾಗೆ. ನನ್ನ ಕಣ್ಣು ತುಂಬಿತು. ಕುರ್ಚಿ ಹಿಂದೆ ತಳ್ಳಿ ಎದ್ದು, ಅವರ ಎರಡೂ ಕೈ ಹಿಡಿದು ಕುಲುಕಿದೆ. ಅಭಿನಂದನೆಗಳು, ಇವರ ಜೋಡಿಗೆ ಯಾರ ಕಣ್ಣೂ ಬೀಳದಿರಲಿ, ಮದುವೆ ಇಲ್ಲೋ ಮಾಲೆಯಲ್ಲೋ, ನಮಗಂತೂ ವರ್ಷದಿಂದ ಗೊತ್ತು ಎಂದೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಅತ್ತೆಗೆ ಕೇಳಿಸಲಿಲ್ಲವೇನೋ ಎಂದು ಅವರ ಕಡೆ ತಿರುಗಿ ಇನ್ನೊಮ್ಮೆ ಹೇಳಿದೆ.

ಅವರು ಊಟವಾದಮೇಲೆ ಎಲ್ಲರಿಗೂ ಅಡಿಕೆ ಕೊಡುತ್ತಾರಂತೆ. ಅವರಲ್ಲಿ ಅದು ಬಾಯಿ ರುಚಿಗೆ, ಅಷ್ಟೇ.

ತಂದೆ ಡಬ್ಬಿ ಮುಚ್ಚಿ ಕೂತರು. ಸ್ವಲ್ಪವೂ ಸಿಟ್ಟಿಲ್ಲದೆ ಮಾತಾಡಿದರು. "ನನಗೂ ವರ್ಷದಿಂದ ಗೊತ್ತು. ಇವನನ್ನು ನೋಡಲೆಂದೇ ಬಂದೆ. ಒಳ್ಳೆಯ ಹುಡುಗ. ಇನ್ನೊಂದು ವರ್ಷ ನನಗೆ ಗೊತ್ತಿಲ್ಲದೆ ಇದ್ದಿದ್ದರೆ ಸಾಕಿತ್ತು. ನಾನೊಬ್ಬನೇ ಬಂದಿದ್ದರೆ ಕಿವಿ ಮಂದ ಎಂದು ಹೇಳಿಕೊಳ್ಳುತ್ತಿದ್ದೆ." ಆಮೇಲೆ ಅಕ್ಕನ ಕಡೆ ನೋಡಿದರು. ಅಕ್ಕ ಆಗಲೇ ಫೋನ್ ಹಿಡಿದು ಬಾಲ್ಕನಿಗೆ ಹೋಗಿಯಾಗಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಊರಿನಲ್ಲಿ ಸುದ್ದಿಯಾದ ಮೇಲೆ ತಂದೆಗೆ ಎರಡೇ ದಾರಿ: ಕೂಡಲೇ ಮದುವೆ, ಇಲ್ಲವೇ ಕೂಡಲೇ ನಿಲುಗಡೆ. ಹುಡುಗನಿಗೆ ಓದು ಮುಗಿದಿರಲಿಲ್ಲ, ಕೆಲಸವಿರಲಿಲ್ಲ. ಆ ಸೆಮಿಸ್ಟರ್ ಮುಗಿಯುತ್ತಲೇ ಹುಡುಗಿ ಮ್ಯೂನಿಕ್‌ಗೆ ಹೋದಳು. ಅಪ್ಪನ ತಲೆ ತಗ್ಗುವುದು ಅವಳಿಗೆ ಬೇಡವಾಗಿತ್ತು. ಎರಡು ವರ್ಷದ ಮೇಲೆ ಊರಿನಲ್ಲಿ ಬೇರೊಬ್ಬನ ಜೊತೆ ಅವಳ ಮದುವೆಯಾಯಿತು. ಹುಡುಗ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಹಿಡಿದು ಹೊರಟ. ನನ್ನ ಹೆಂಡತಿ ಆ ಊಟದ ರಾತ್ರಿ ಪಾತ್ರೆಗಳನ್ನೆಲ್ಲ ತೊಳೆದಿಟ್ಟು ಹೋಗಿ ಮಲಗಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇಷ್ಟು ವರ್ಷದಲ್ಲಿ ನಾನು ಆಡಿದ ಮಾತುಗಳನ್ನೆಲ್ಲ ಕೊಟ್ಟು ಆ ಒಂದನ್ನು ವಾಪಸು ತರುವ ಹಾಗಿದ್ದರೆ ಇವತ್ತೇ ಮೂಕನಾಗುತ್ತಿದ್ದೆ.

ಕಳೆದ ತಿಂಗಳು ಹುಡುಗ ಯಾವುದೋ ಕಾಗದ ತೆಗೆದುಕೊಳ್ಳಲು ಆಖೆನ್‌ಗೆ ಬಂದವನು ಫೋನ್ ಮಾಡಿದ. "ಅಂಕಲ್, ಕಾಫಿಗೆ ಬರ್ತೀರಾ?"

ಅದೇ ಅಂಗಡಿ, ಅದೇ ಮೇಜು, ಮೂರು ಕುರ್ಚಿ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವನು ಎದುರಿನ ಖಾಲಿ ಕುರ್ಚಿಯನ್ನೇ ನೋಡುತ್ತ ಕೂತಿದ್ದ. ನಾನು ಜೇಬಿನಿಂದ ಫೋನ್ ತೆಗೆದು, ಏನೂ ಇಲ್ಲದ ಪರದೆಯನ್ನು ನೋಡುತ್ತ ಎರಡು ಗಂಟೆ ತುಟಿ ಪಿಟಕ್ಕೆನ್ನದೆ ಕೂತೆ.

ಏಳುವಾಗ ಅವನು ನನ್ನ ಭುಜದ ಮೇಲೆ ಕೈಯಿಟ್ಟ. "ಕಲಿತ್ರಿ ಅಂಕಲ್" ಎಂದ.