ಕಾಮಾಲೆಯನ್ನು ಮರೆಯಲಾರದ ಕಾವಲುಗಾರರಿಗೆ

ಮಾನ್ಯರೇ,

ನನ್ನ ರಕ್ತದಲ್ಲಿ ಠಾಣೆ ಹೂಡಿ, ನಾನು ಹುಡುಗನಾಗಿದ್ದಾಗ ಬಂದುಹೋದ ಕಾಮಾಲೆಯ ಮುಖವನ್ನು ಇಂದಿಗೂ ಮರೆಯದೆ ಹಗಲಿರುಳು ಪಹರೆ ಮಾಡುತ್ತಿರುವ ತಮ್ಮ ಸನ್ನಿಧಿಗೆ, ಯಲ್ಲಾಪುರದ ಮೋಟಾರು ಸರ್ವಿಸಿನಲ್ಲಿ ಟಿಕೀಟು ಹರಿಯುವ ಹಯಾತನ ಅನಂತ ಸಲಾಮುಗಳು. ತಾವು ಅಲ್ಲಿದ್ದೀರೆಂದು ನನಗೆ ತಿಳಿದದ್ದೇ ಈಚೆಗೆ. ಮಳೆಗಾಲ ಕಳೆಯುತ್ತಲೇ ಊರಲ್ಲಿ ಕಾಮಾಲೆ ಎದ್ದಾಗ ಡಾಕ್ಟರ ಸಾಹೇಬರು ನನ್ನ ಕಣ್ಣರೆಪ್ಪೆ ಎಳೆದು ನೋಡಿ, ಒಮ್ಮೆ ಈ ಬೇನೆ ಬಿದ್ದು ಎದ್ದವನ ರಕ್ತ ಅದನ್ನು ನೆನಪಿಟ್ಟುಕೊಂಡು ಮತ್ತೆ ಬಂದರೆ ಬಾಗಿಲಲ್ಲೇ ಹಿಡಿಯುತ್ತದೆ, ಇವನಿಗೆ ಭಯವಿಲ್ಲ ಎಂದು ಹತ್ತು ಜನರೆದುರು ಹೇಳಿಬಿಟ್ಟರು. ಅಂದಿನಿಂದ ನನ್ನ ಗೋಳು ಶುರುವಾಯಿತು.

ತಮ್ಮ ಜ್ಞಾಪಕಶಕ್ತಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಕೊಡೆ ಎಲ್ಲಿಟ್ಟೆನೆಂಬುದು, ಹೆಂಡತಿ ತರಹೇಳಿದ್ದು ಸೂಜಿಯೋ ಸಾಬೂನೋ ಎಂಬುದು ಅರ್ಧ ದಾರಿಗೇ ಮರೆತುಹೋಗುವ ಈ ದೇಹದಲ್ಲಿ ಇಂಥ ಮಹಾಮೇಧಾವಿಗಳು ಬಿಡಾರ ಮಾಡಿದ್ದಾರೆಂದರೆ ಯಾರು ನಂಬಿಯಾರು? ಕಾಮಾಲೆಯ ಜೊತೆಗೆ ಕೊಡೆಯನ್ನೂ ಒಂದಿಷ್ಟು ನೆನಪಿಟ್ಟುಕೊಂಡಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತೋ ನಾನರಿಯೆ.

ಯಲ್ಲಾಪುರದಿಂದ ಶಿರಸಿಯ ಮೇಲೆ ಹಾದು ಸಿದ್ದಾಪುರಕ್ಕೆ ಹೋಗುವ ನಮ್ಮ ಮೋಟಾರಿನಲ್ಲಿ, ಕಾನಸೂರಿನವರೊಬ್ಬರು ಕೊಡುವ ನೆಲನೆಲ್ಲಿಯ ರಸದ ಮದ್ದಿಗಾಗಿ ಕಾಮಾಲೆಯವರು ಹತ್ತುತ್ತಾರೆ. ಅವರ ಪಕ್ಕ ಕೂರಲು ಯಾರೂ ಒಪ್ಪರು. ಆದ್ದರಿಂದ ಮಾಲಕರಾದ ಅಲ್ಲಾವುದ್ದೀನ್ ಸಾಹೇಬರು ಕಾಯಿಲೆಯವರಿಗೂ ಗಟ್ಟಿಮುಟ್ಟಾದವರಿಗೂ ನಡುವೆ ಗೋಡೆಯಾಗಿ ನನ್ನನ್ನು ಕೂರಿಸಿದ್ದಾರೆ. ಬನವಾಸಿ ಕಡೆಯ ಗಿರಿಜವ್ವನವರಂತೂ ಹತ್ತುವ ಮೊದಲೇ “ನೀವು ನಡುವ ಕುಂದರ್ರಿ, ನಿಮಗ ಆಗಿ ಹೋಗೇತಲ್ಲ” ಎಂದು ಅಪ್ಪಣೆ ಕೊಟ್ಟು, ಗೋಡೆ ಹೇಗೂ ಇದೆಯೆಂದು ತಮ್ಮ ಗಂಟನ್ನೂ ನನ್ನ ತೊಡೆಯ ಮೇಲಿಟ್ಟರು. ರಜೆ ಕೇಳಿದರೆ, ಗೋಡೆಗೆಲ್ಲಿಯ ರಜೆ ಎಂದು ಮಾಲಕರು ನಗುತ್ತಾರೆ.

ರಜೆ ಕೇಳಿದ್ದು ಸುಮ್ಮನೆ ಅಲ್ಲ. ನನ್ನ ಹೆಂಡತಿ ಶಮ್ಸುನ್ನಿಸಾ ಚೊಚ್ಚಲ ಹೆರಿಗೆಗೆ ಶಿರಸಿಯ ತವರಿಗೆ ಹೋಗಿದ್ದಾಳೆ, ದಿನ ತುಂಬಿವೆ. ಬಸುರಿಗೆ ಈ ಬೇನೆ ಬಂದರೆ ಜೀವಕ್ಕೇ ಕುತ್ತು ಎಂದು ಡಾಕ್ಟರರು ಹೇಳಿದ್ದಾರೆ. ನಿನಗೆ ಬರುವುದಿಲ್ಲ ಸರಿ, ಆದರೆ ದಿನವಿಡೀ ಕಾಮಾಲೆಯವರ ಮಗ್ಗುಲಲ್ಲಿ ಕೂತ ನಿನ್ನ ಕೋಟನ್ನು ನಂಬುವುದು ಹೇಗೆ ಎಂದು ಅತ್ತೆ ಬಿಸ್ಮಿಲ್ಲಾ ಬಿ ನನ್ನನ್ನು ಮೆಟ್ಟಿಲ ಕೆಳಗೇ ನಿಲ್ಲಿಸುತ್ತಾರೆ. ಅವರು ಹೇಳುವುದು ಸರಿಯೇ, ಅದಕ್ಕೇ ಹೆಚ್ಚು ಸಂಕಟ. ಕಿಟಕಿಯಲ್ಲಿ ಅವಳು ಕೈಯೆತ್ತಿ ತೋರುತ್ತಾಳೆ, ಆ ಅಂಗೈ ಹಳದಿಯಾಗಿದೆಯೋ ಏನೋ ಎಂದು ನೋಡಲು ನನಗೆ ಭಯವಾಗುತ್ತದೆ.

ಆದಕಾರಣ ತಮ್ಮಲ್ಲಿ ಅರಿಕೆ ಏನೆಂದರೆ, ಇಲ್ಲಿ ಕೆಲಸವಿಲ್ಲದೆ ಕೊಬ್ಬಿರುವ ತಮ್ಮ ದಂಡಿನಲ್ಲಿ ಅರ್ಧವನ್ನು ಕೂಡಲೇ ಶಿರಸಿಗೆ ವರ್ಗ ಮಾಡಬೇಕು, ಟಿಕೀಟು ನಾನೇ ಹರಿದು ಕೊಡುತ್ತೇನೆ. ಅದು ಕಾಯಿದೆಗೆ ವಿರುದ್ಧವಾದರೆ, ಸಿಡುಬಿಗೆ ತೋಳು ಗೀರಿ ಪಾಠ ಹೇಳಿಕೊಡುವಂತೆ, ಬೇನೆ ಬೀಳದೆಯೇ ಕಾಮಾಲೆಯ ಗುರುತು ಹೇಳಿಕೊಡುವ ಉಪಾಯವನ್ನಾದರೂ ಡಾಕ್ಟರ ಸಾಹೇಬರ ಕಿವಿಯಲ್ಲಿ ಊದಬೇಕು. ಎರಡೂ ಆಗದಿದ್ದರೆ, ಮಾಲಕರ ಕಣ್ಣಿಗೆ ಬೀಳುವಷ್ಟು ಹೊತ್ತು ನಾನು ಹಳದಿಯಾಗಲು ಪರವಾನಗಿ ದಯಪಾಲಿಸಬೇಕು.

ಇಷ್ಟು ವರ್ಷ ತಮ್ಮೆಲ್ಲರಿಗೂ ಬಾಡಿಗೆಯಿಲ್ಲದೆ ಮನೆಯನ್ನೂ ಎರಡು ಹೊತ್ತಿನ ಊಟವನ್ನೂ ಕೊಟ್ಟಿರುವ,

ತಮ್ಮ ವಿಶ್ವಾಸಿ,
ಹಯಾತ್

ತಾ.ಕ.: ತಮ್ಮ ವಿಳಾಸ ಹುಡುಕುವುದರೊಳಗೆ ಮಗಳು ಹುಟ್ಟಿದಳು. ತಾಯಿ ಕ್ಷೇಮ, ಅಂಗೈ ಬಿಳುಪಾಗಿಯೇ ಇದೆ. ಮೂರನೆಯ ದಿನ ಮಗುವಿನ ಮೈ ತುಸು ಹಳದಿಯಾಗಿ ಮನೆಯವರೆಲ್ಲ ಕಂಗಾಲಾದರು. ಆಗ, ಕಾಮಾಲೆ ಆಗಿಹೋದವನು ಈ ಮನೆಗೆ ಒಬ್ಬನೇ ಎಂದು, ಮೆಟ್ಟಿಲ ಕೆಳಗೆ ನಿಲ್ಲಿಸುತ್ತಿದ್ದ ಅತ್ತೆಯವರೇ ಆಳು ಕಳಿಸಿ ನನ್ನನ್ನು ಕರೆಸಿದರು. ಕೋಟು ಬಿಚ್ಚಿಸಿ, ಸಾಬೂನಿನಿಂದ ಮೊಣಕೈವರೆಗೆ ತೊಳೆಸಿ, ಮಗಳನ್ನು ನನ್ನ ಮಡಿಲಿಗೆ ಹಾಕಿದರು. ಬೆಳಗಿನ ಬಿಸಿಲಲ್ಲಿ ಅವಳನ್ನು ಎತ್ತಿಕೊಂಡು ಕೂರುವ ಅಧಿಕಾರ ಈಗ ನನ್ನೊಬ್ಬನದು. ಇದು ಆ ಬೇನೆಯಲ್ಲ, ಎಷ್ಟೋ ಎಳೆಗೂಸುಗಳಿಗೆ ಹೀಗಾಗುತ್ತದೆ, ತಾನಾಗಿಯೇ ಇಳಿಯುತ್ತದೆ ಎಂದು ಡಾಕ್ಟರರು ನನಗೆ ಹೇಳಿದರು. ನಾನು ಅತ್ತೆಯವರಿಗೆ ಹೇಳಿಲ್ಲ.